ಸಂದಿನ ಗಾಳಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2015ರ ಫೆಬ್ರವರಿಯಿಂದ ಹೊಸ ಮನೆಗಳಿಗೆ ಒಂದು ಪರೀಕ್ಷೆ ಕಡ್ಡಾಯವಾಗಿದೆ. ಕಟ್ಟಿದ ಮನೆಯಲ್ಲಿ ಎಷ್ಟು ಗಾಳಿ ಸೋರುತ್ತದೆ ಎಂಬುದನ್ನು ಯಂತ್ರವಿಟ್ಟು ಅಳೆಯಬೇಕು. ಒಳಗು ಹೊರಗುಗಳ ನಡುವೆ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಹುಟ್ಟಿಸಿದಾಗ ಮನೆಯೊಳಗಿನ ಒಟ್ಟು ಗಾಳಿ ಗಂಟೆಗೆ ಮೂರು ಸಲಕ್ಕಿಂತ ಹೆಚ್ಚು ಬದಲಾಗಬಾರದು. 2018ರ ನವೆಂಬರಿನಲ್ಲಿ, ಮಿನಿಯಾಪೊಲಿಸ್ ಪಕ್ಕದ ಮೇಪಲ್ ಗ್ರೋವ್ ಊರಿನ ಒಂದು ಹೊಸ ಮನೆಯಲ್ಲಿ ಬಂದ ಲೆಕ್ಕ 4.1. ಧನುರ್ಮಾಸ ಹಿಡಿಯುವುದರೊಳಗೆ ಗೃಹಪ್ರವೇಶ ಆಗಬೇಕೆಂದು ಮುಹೂರ್ತ ಇಟ್ಟಾಗಿತ್ತು. ಮನೆ ಪರೀಕ್ಷೆಯಲ್ಲಿ ಫೇಲಾಗಿತ್ತು.

ಮನೆ ಕಟ್ಟಿಸಿದವರು ಶಿವಮೊಗ್ಗ ಜಿಲ್ಲೆಯಿಂದ ಹೋಗಿ ಅಲ್ಲಿ ನೆಲೆಸಿದ ಮಗಳು ಮತ್ತು ಅಳಿಯ. ಪರೀಕ್ಷೆ ನಡೆದ ದಿನ ಅವರ ಜೊತೆ ನಿಂತಿದ್ದವರು ಮಗಳ ತಂದೆ. ಕರ್ನಾಟಕದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಮಲೆನಾಡಿನ ಶಾಲೆ, ಆಸ್ಪತ್ರೆ, ನೌಕರರ ವಸತಿಗೃಹಗಳನ್ನು ಕಟ್ಟಿಸುತ್ತಲೇ ಅವರ ತಲೆಗೂದಲು ಬೆಳ್ಳಗಾಗಿತ್ತು. ಆಗಸ್ಟಿನಲ್ಲಿ ಹೆಂಡತಿಯೊಂದಿಗೆ ಮಗಳ ಮನೆಗೆ ಬಂದಾಗ ಹೊಸ ಮನೆಯ ಮರದ ಚೌಕಟ್ಟು ಎದ್ದು ನಿಂತಿತ್ತಷ್ಟೆ. ಅಂದಿನಿಂದ ಕೆಲಸದ ಜಾಗಕ್ಕೆ ಹೋಗಿ ನೋಡುವುದು ಅವರ ಸಂಜೆಯ ವಾಡಿಕೆಯಾಯಿತು.

ಅವರಿಗೆ ಪರೀಕ್ಷೆಗಳು ಹೊಸದಲ್ಲ. ಕಾಂಕ್ರೀಟಿನ ಘನಗಳನ್ನು ನೀರಲ್ಲಿ ನೆನೆಸಿಟ್ಟು 28ನೆಯ ದಿನ ಒಡೆಸಿ ಬಲ ನೋಡಿದವರು. ತಾರಸಿಯ ಮೇಲೆ ಮಣ್ಣಿನ ಬದು ಹಾಕಿ ನೀರು ಕಟ್ಟಿ, ಕೆಳಗೆ ನಿಂತು ಕತ್ತೆತ್ತಿ ತೇವ ಹುಡುಕಿದವರು. ಬಚ್ಚಲ ಮನೆಯ ತಗ್ಗಿಸಿದ ಸ್ಲ್ಯಾಬಿಗೆ ನೀರು ತುಂಬಿಸಿ ಎರಡು ದಿನ ಬಿಡದೆ ಮುಂದಿನ ಬಿಲ್ಲಿಗೆ ಸಹಿ ಹಾಕುತ್ತಿರಲಿಲ್ಲ. ಸೋರುವುದೆಂದರೆ ನೀರು ಸೋರುವುದು. ಗಾಳಿ ಸೋರುವುದನ್ನು ಅಳೆಯುವ ಪ್ರಸಂಗ ಅವರ ಸೇವೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ.

ಅವರು ಹುಟ್ಟಿದ ಮನೆಗೆ ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಘಟ್ಟ ಹತ್ತಿ ಬಂದು ಮಲೆನಾಡಿನ ಸೋಗೆಯ ಮಾಡುಗಳನ್ನು ಬದಲಿಸಿತ್ತು. ಅಡಿಗೆಮನೆಯ ಒಲೆಯ ಹೊಗೆ ಆ ಹೆಂಚುಗಳ ನಡುವಿನಿಂದಲೇ ಹೊರಗೆ ಹೋಗುತ್ತಿತ್ತು. ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿ, ನಡುಮನೆಯಲ್ಲಿ ಬೆಳಕಿಂಡಿ. ತಿಂಗಳುಗಟ್ಟಲೆ ಹಿಡಿದ ಮಳೆಯಲ್ಲಿ ಬಟ್ಟೆ ಒಣಗಬೇಕು, ಅಡಿಕೆ ಬೂಸಲು ಹಿಡಿಯಬಾರದು. ಗಾಳಿ ಆಡದ ಮನೆಯನ್ನು ಅಲ್ಲಿ ಯಾರೂ ಒಳ್ಳೆಯ ಮನೆ ಎನ್ನುವುದಿಲ್ಲ. ಆ ಹವೆಗೆ ಅದೇ ಸರಿಯಾದ ವಿದ್ಯೆ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯಬಲ್ಲ ಮಿನ್ನೆಸೋಟದಲ್ಲಿ ಅದೇ ವಿದ್ಯೆ ಮನೆಯನ್ನು ಹಾಳುಮಾಡುತ್ತದೆ.

ಹಾಳುಮಾಡುವುದು ಚಳಿಯೊಂದೇ ಅಲ್ಲ ಎಂಬುದನ್ನು ಅವರಿಗೆ ಮೊದಲು ತಿಳಿಸಿದವನು ಅಳಿಯ. ಮನೆಯೊಳಗಿನ ಬೆಚ್ಚಗಿನ ಗಾಳಿಯಲ್ಲಿ ಉಸಿರಿನ, ಸ್ನಾನದ, ಅನ್ನ ಬೇಯಿಸಿದ ತೇವ ಇರುತ್ತದೆ. ಆ ಗಾಳಿ ಮೇಲೇರಿ ಚಾವಣಿಯ ಬಿರುಕುಗಳ ಮೂಲಕ ಅಟ್ಟಕ್ಕೆ ನುಗ್ಗುತ್ತದೆ. ಕಳೆದುಕೊಂಡಷ್ಟನ್ನು ತುಂಬಿಕೊಳ್ಳಲು ಕೆಳಗಿನ ಸಂದುಗಳಿಂದ ಹೊರಗಿನ ಚಳಿಗಾಳಿ ಒಳಗೆ ಬರುತ್ತದೆ. ಅಟ್ಟಕ್ಕೆ ಹೋದ ತೇವ, ಮಾಡಿನ ಹಲಗೆಯಿಂದ ಕೆಳಗೆ ಚಾಚಿದ ಮೊಳೆಗಳ ತುದಿಯಲ್ಲಿ ಹಿಮವಾಗಿ ಕೂರುತ್ತದೆ. ಬಿಸಿಲು ಬಂದ ದಿನ ಅದು ಕರಗಿ, ಒಂದು ಹನಿ ಮಳೆಯಿಲ್ಲದೆ ಮಾಡು ಸೋರುತ್ತದೆ. ಮಾಡಿನ ಮೇಲೆ ಬಿದ್ದ ಹಿಮದ ಕಥೆ ಇನ್ನೊಂದು: ಅಟ್ಟದ ಬಿಸಿಗೆ ಕರಗಿದ ನೀರು ಇಳಿಜಾರಿನಲ್ಲಿ ಹರಿದು, ತಣ್ಣಗಿರುವ ಸೂರಿನ ಅಂಚಿಗೆ ಬಂದು ಮತ್ತೆ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಒಡ್ಡಾಗಿ ನಿಂತು, ಹಿಂದೆ ತಂಗಿದ ನೀರು ಹೊದಿಕೆಯ ಕೆಳಗೆ ಹೊಕ್ಕು ಗೋಡೆಗೆ ಇಳಿಯುತ್ತದೆ. ಮಿನ್ನೆಸೋಟದಲ್ಲಿ ಮನೆ ಇದ್ದವರಿಗೆಲ್ಲ ಈ ಕಾಟ ಗೊತ್ತು.

ಉತ್ತರ ಅಮೆರಿಕದ ಕಟ್ಟಡ ತಜ್ಞರು ಬಹಳ ಕಾಲದಿಂದ ಉದಾಹರಿಸುವ ಒಂದು ಲೆಕ್ಕವಿದೆ. ಚಳಿ ನಾಡಿನಲ್ಲಿ ನಾಲ್ಕಡಿಗೆ ಎಂಟಡಿಯ ಜಿಪ್ಸಮ್ ಹಲಗೆಯೊಂದರ ಮೈಯಿಂದ ಒಂದು ಚಳಿಗಾಲದಲ್ಲಿ ಆಚೆಗೆ ದಾಟುವ ತೇವ ಸುಮಾರು ಮೂರನೇ ಒಂದು ಲೀಟರ್. ಅದೇ ಹಲಗೆಯಲ್ಲಿ ಒಂದು ಚದರ ಅಂಗುಲದ ತೂತಿದ್ದರೆ, ಗಾಳಿಯ ಜೊತೆ ಆ ತೂತಿನಿಂದ ಹೋಗುವ ತೇವ 28 ಲೀಟರಿನ ಹತ್ತಿರ. ಎಂಜಿನಿಯರರು ಈ ಅಂಕಿಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಗೋಡೆ ಎಷ್ಟು ದಪ್ಪ, ಒಳಗೆ ಎಷ್ಟು ಗಾಜುನಾರು ತುಂಬಿದೆ ಎಂದು ವಿಚಾರಿಸುತ್ತಿದ್ದವರು ಅಂದಿನಿಂದ ತೂತುಗಳನ್ನು ವಿಚಾರಿಸತೊಡಗಿದರು.

ಪರೀಕ್ಷೆಗೆ ಬಂದವಳು ಮೂವತ್ತರ ಆಸುಪಾಸಿನ ಒಬ್ಬ ತಂತ್ರಜ್ಞೆ. ಯಂತ್ರವನ್ನು ಗಾಡಿಯಿಂದ ಇಳಿಸುವ ಮೊದಲು ಆಕೆ ಇಡೀ ಮನೆ ಸುತ್ತಿದಳು. ಕಿಟಕಿಗಳ ಚಿಲಕ ಹಾಕಿಸಿದಳು, ಒಳಗಿನ ಬಾಗಿಲುಗಳನ್ನೆಲ್ಲ ತೆರೆಸಿದಳು. ವಾತಾಯನ ಯಂತ್ರದ ಬಾಯಿಗಳಿಗೆ ಟೇಪು ಅಂಟಿಸಿದಳು. ಫರ್ನೇಸು ಮತ್ತು ನೀರು ಕಾಯಿಸುವ ಹಂಡೆಯನ್ನು ಆರಿಸಿ, ತನ್ನ ಕಾರಿನ ಕೀಲಿಯನ್ನು ಹಂಡೆಯ ಮೇಲಿಟ್ಟಳು. ಯಾಕೆಂದು ಕೇಳಿದಾಗ ಅವಳ ಉತ್ತರ ಸರಳ: ಹಂಡೆಯನ್ನು ಮತ್ತೆ ಹಚ್ಚದೆ ಮರೆತು ಹೋಗದಿರಲು. ಈ ಕಸುಬಿನವರಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರಂತೆ. ಎಂಜಿನಿಯರರಿಗೆ ಅವಳ ಮೇಲೆ ವಿಶ್ವಾಸ ಹುಟ್ಟಿದ್ದು ಆ ಕ್ಷಣದಲ್ಲಿ.

ಕೊನೆಗೆ ಆಕೆ ಒಂದು ಬಕೆಟ್ ನೀರು ಕೇಳಿದಳು. ಹೊಸ ಮನೆಯ ಬಚ್ಚಲುಗಳನ್ನು ಇನ್ನೂ ಯಾರೂ ಬಳಸಿರಲಿಲ್ಲ. ನೆಲದ ಟ್ರ್ಯಾಪುಗಳು ಒಣಗಿದ್ದರೆ ಗಾಳಿ ಕೊಳವೆಯಿಂದಲೇ ನುಗ್ಗಿ ಲೆಕ್ಕ ತಪ್ಪುತ್ತದೆ. 50 ಪಾಸ್ಕಲ್ ಎಂದರೆ ಐದು ಮಿಲಿಮೀಟರ್ ನೀರಿನ ಎತ್ತರದ ಒತ್ತಡ ಮಾತ್ರ. ಟ್ರ್ಯಾಪಿನಲ್ಲಿ ನಿಲ್ಲುವ ಎರಡಂಗುಲ ನೀರು ಅದನ್ನು ತಡೆಯಲು ಧಾರಾಳ ಸಾಕು. ಟ್ರ್ಯಾಪು ತುಂಬಿಸುವ ಕೆಲಸವನ್ನು ಎಂಜಿನಿಯರರು ತಾವೇ ವಹಿಸಿಕೊಂಡು ಒಂದೊಂದಕ್ಕೂ ನೀರು ಹೊಯ್ದು ಬಂದರು.

ಮುಂಬಾಗಿಲ ಚೌಕಟ್ಟಿಗೆ ಅಲ್ಯೂಮಿನಿಯಮ್ಮಿನ ಹಿಗ್ಗಿಸುವ ಚೌಕಟ್ಟು, ಅದಕ್ಕೆ ಬಿಗಿದ ನೈಲಾನ್ ಬಟ್ಟೆ, ಬಟ್ಟೆಯ ಕೆಳಭಾಗದ ದುಂಡು ಕಿಂಡಿಯಲ್ಲಿ ಕೂತ ದೊಡ್ಡ ಫ್ಯಾನು. ಇದಕ್ಕೆ ಬ್ಲೋಯರ್ ಡೋರ್ ಎಂದು ಹೆಸರು. ಒಂದು ಸಪೂರ ನಳಿಕೆ ಹೊರಗೆ, ಇನ್ನೊಂದು ಫ್ಯಾನಿಗೆ, ಎರಡೂ ಬಂದು ಸೇರುವುದು ಒತ್ತಡ ಅಳೆಯುವ ಅಂಗೈಯಗಲದ ಮಾನೋಮೀಟರಿಗೆ. ಫ್ಯಾನು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತಿದ್ದಂತೆ ಪರದೆಯ ಮೇಲಿನ ಅಂಕಿ 10, 25, 40 ಎಂದು ಏರಿ 50ಕ್ಕೆ ನಿಂತಿತು. ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದ ಗಾಳಿ ಮನೆಯನ್ನು ಎಲ್ಲ ದಿಕ್ಕಿನಿಂದಲೂ ಒಂದೇ ಸಲ ಒತ್ತಿದರೆ ಎಷ್ಟೋ ಅಷ್ಟು ಒತ್ತಡ. ಅದನ್ನು ಹಾಗೇ ಹಿಡಿದಿಡಲು ಫ್ಯಾನು ನಿಮಿಷಕ್ಕೆ 2,050 ಘನ ಅಡಿ ಗಾಳಿಯನ್ನು ಹೊರಹಾಕಬೇಕಾಯಿತು. ನೆಲಮಾಳಿಗೆ ಸೇರಿಸಿ ಮನೆಯ ಒಳಗಾತ್ರ 30,000 ಘನ ಅಡಿ. ಅರವತ್ತರಿಂದ ಗುಣಿಸಿ ಗಾತ್ರದಿಂದ ಭಾಗಿಸಿದರೆ 4.1. ತಂತ್ರಜ್ಞೆ ಹೇಳುವ ಮೊದಲೇ ಎಂಜಿನಿಯರರು ಬಾಯಲ್ಲೇ ಲೆಕ್ಕ ಹಾಕಿ ಮಗಳ ಮುಖ ನೋಡಿದ್ದರು.

"ಅಂದ್ರೆ ಎಷ್ಟು ದೊಡ್ಡ ತೂತು, ಅಪ್ಪಾ?" ಎಂದಳು ಮಗಳು.

ಇದಕ್ಕೂ ಕಸುಬಿನವರ ಬಳಿ ಒಂದು ಒರಟು ಲೆಕ್ಕವಿದೆ. ಘನ ಅಡಿಯ ಆ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಸೋರುವ ಜಾಗವೆಲ್ಲ ಕೂಡಿ ಹೆಚ್ಚುಕಡಿಮೆ ಎಷ್ಟು ಚದರ ಅಂಗುಲ ಎಂದು ಸಿಗುತ್ತದೆ. ಇಲ್ಲಿ 205. ಗೋಡೆಯಲ್ಲಿ ಸುಮಾರು ಹದಿನಾಲ್ಕು ಅಂಗುಲ ಉದ್ದ, ಹದಿನಾಲ್ಕು ಅಂಗುಲ ಅಗಲದ ಕಿಟಕಿಯೊಂದನ್ನು ಕೊರೆದು, ಹಗಲೂ ರಾತ್ರಿ ತೆರೆದೇ ಬಿಟ್ಟ ಹಾಗೆ.

ಇಷ್ಟು ನೇರವಾದ ಪರೀಕ್ಷೆಗೆ ಬಹಳ ಹಳೆಯ ಇತಿಹಾಸವೇನೂ ಇಲ್ಲ. ಕಿಟಕಿಗೆ ಫ್ಯಾನು ಕೂರಿಸಿ ಮನೆಯ ಬಿಗಿತ ಅಳೆಯುವ ಉಪಾಯ 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ಬೆಳೆಯಿತು. ಅಲ್ಲಿಂದ ಬ್ಲೂಮ್‌ಸ್ಟರ್‌ಬರ್ಗ್ ಎಂಬ ಸಂಶೋಧಕರ ಮೂಲಕ ಅದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬಂತು. ಪ್ರಿನ್ಸ್‌ಟನ್ನಿನವರು ಅಷ್ಟರಲ್ಲಾಗಲೇ ಒಂದು ಒಗಟಿನ ಬೆನ್ನು ಹತ್ತಿದ್ದರು. ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬಲ್ಲಿನ ಸಾಲುಮನೆಗಳು ಎಷ್ಟು ಶಾಖ ಕಳೆದುಕೊಳ್ಳುತ್ತವೆ ಎಂದು ಅವರು ಅಳೆಯುತ್ತಿದ್ದರು. ಅಟ್ಟದ ನೆಲಕ್ಕೆ ಗಾಜುನಾರು ಹಾಸಿದ್ದರೂ ಪುಸ್ತಕದ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಶಾಖ ಅಟ್ಟದಿಂದ ಹೋಗುತ್ತಿತ್ತು. ಜ್ಯಾನ್ ಬೇಯಾ, ಗೌತಮ್ ದತ್ ಮುಂತಾದವರು ಅಟ್ಟ ಹತ್ತಿ ಹುಡುಕಿದಾಗ ದಾರಿಗಳು ಸಿಕ್ಕವು: ಹೊಗೆಕೊಳವೆಯ ಸುತ್ತ ಬಿಟ್ಟ ಖಾಲಿ ಜಾಗ, ಎರಡು ಮನೆಗಳ ನಡುವಿನ ಗೋಡೆಯ ಟೊಳ್ಳು ಕಾಂಕ್ರೀಟ್ ಬ್ಲಾಕುಗಳು. ಶಾಖ ಹೊದಿಕೆಯನ್ನು ದಾಟಿ ಹೋಗುತ್ತಿರಲಿಲ್ಲ. ಗಾಳಿಯ ಬೆನ್ನೇರಿ ಹೊದಿಕೆಯ ಪಕ್ಕದಿಂದ ಹೋಗುತ್ತಿತ್ತು. ಈ ಕೆಲಸದಲ್ಲಿ ಭಾರತೀಯ ಹೆಸರೊಂದು ಮುಂದಿನ ಸಾಲಿನಲ್ಲಿದೆ ಎಂದು ತಿಳಿದಾಗ ಎಂಜಿನಿಯರರಿಗೆ ಆದ ಸಂತೋಷ ಸಣ್ಣದಲ್ಲ.

ಅದೇ ಕಾಲಕ್ಕೆ, 1977ರಲ್ಲಿ, ಕೆನಡಾದ ರಿಜೈನಾ ನಗರದಲ್ಲಿ ಸಸ್ಕಾಚೆವನ್ ಕನ್ಸರ್ವೇಶನ್ ಹೌಸ್ ಎಂಬ ಮನೆ ಎದ್ದಿತು. ಹ್ಯಾರಲ್ಡ್ ಓರ್ ಮತ್ತು ಅವರ ಸಂಗಡಿಗರು ರೂಪಿಸಿದ ಆ ಮನೆ 50 ಪಾಸ್ಕಲ್‌ನಲ್ಲಿ ಗಂಟೆಗೆ ಒಂದು ಸಲಕ್ಕಿಂತಲೂ ಕಡಿಮೆ ಗಾಳಿ ಬದಲಿಸುತ್ತಿತ್ತು. ಒಳಗಿದ್ದವರ ಉಸಿರಿಗೆ ಬೇಕಾದ ತಾಜಾ ಗಾಳಿಯನ್ನು, ಹೊರಹೋಗುವ ಗಾಳಿಯ ಬಿಸಿಯಿಂದಲೇ ಕಾಯಿಸಿ ತರುವ ಏರ್ಪಾಟೂ ಅದರಲ್ಲಿತ್ತು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಕಟ್ಟಿಸಿದ ಪ್ಯಾಸಿವ್ ಹೌಸ್ ಈ ದಾರಿಯಲ್ಲೇ ಮುಂದೆ ಹೋಯಿತು. ಆ ಪಂಥದ ಮಿತಿ 0.6. ಇತ್ತ ಮಿನಿಯಾಪೊಲಿಸ್ ನಗರದಲ್ಲಿಯೇ 1980ರ ದಶಕದಿಂದ ಈ ಯಂತ್ರಗಳ ತಯಾರಿಕೆ ನಡೆದಿದೆ. ಊರಿನ ಹೆಸರನ್ನೇ ಹೊತ್ತ ಮಿನಿಯಾಪೊಲಿಸ್ ಬ್ಲೋಯರ್ ಡೋರ್ ಜಗತ್ತಿನ ಬೇರೆ ಬೇರೆ ದೇಶಗಳಿಗೆ ಹೋಗುತ್ತದೆ.

ಅಂಕಿ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಫ್ಯಾನನ್ನು ಆರಿಸದೆ ಓಡಲು ಬಿಟ್ಟು ಎಲ್ಲರೂ ಮನೆ ಸುತ್ತಿದರು. ಹೊರಗಿನ ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ತಿಳಿಯಲು ಒದ್ದೆ ಮಾಡಿದ ಮುಂಗೈಯೇ ಸಾಕು. ತಂತ್ರಜ್ಞೆಯ ಬಳಿ ಹೊಗೆ ಬಿಡುವ ಸಣ್ಣ ಕೊಳವೆಯೂ ಶಾಖ ತೋರಿಸುವ ಕ್ಯಾಮೆರಾವೂ ಇದ್ದವು. ಎಂಜಿನಿಯರರ ಹೆಂಡತಿ, ಗೃಹಪ್ರವೇಶಕ್ಕೆಂದು ತಂದ ಮೈಸೂರು ಊದುಬತ್ತಿಯ ಕಟ್ಟು ಬಿಚ್ಚಿ ಒಂದೊಂದು ಕಡ್ಡಿ ಹಚ್ಚಿಕೊಟ್ಟರು. ಇದು ಕೇವಲ ಮನೆಯವರ ಉಪಾಯವಲ್ಲ. ಮನೆಯ ಸೋರಿಕೆ ಹುಡುಕಲು ಊದುಬತ್ತಿ ಹಚ್ಚಿ ಸಂದುಗಳ ಬಳಿ ಹಿಡಿಯಿರಿ ಎಂದು ಅಮೆರಿಕದ ಇಂಧನ ಇಲಾಖೆಯೇ ಜನರಿಗೆ ಹೇಳುತ್ತದೆ.

ಎಲ್ಲರಿಗೂ ಮೊದಲ ಅನುಮಾನ ಕಿಟಕಿಗಳ ಮೇಲೆ. ಆದರೆ ಕಿಟಕಿಗಳ ಬಳಿ ಹೊಗೆ ನೇರವಾಗಿ ಮೇಲೇರಿತು. ಅಟ್ಟಕ್ಕೆ ಹತ್ತುವ ಮುಚ್ಚಳದ ಕೆಳಗೆ ಹಿಡಿದರೆ ಅಡ್ಡಬಿದ್ದಂತೆ ಕೆಳಗೆ ಬಾಗಿತು. ಮುಚ್ಚಳದ ಸುತ್ತ ಇರಬೇಕಾದ ರಬ್ಬರ್ ಪಟ್ಟಿ ಒಂದು ಬದಿಯಲ್ಲಿ ಮಡಚಿಕೊಂಡಿತ್ತು. ಚಾವಣಿಯಲ್ಲಿ ಹುದುಗಿಸಿದ ದೀಪಗಳ ಸುತ್ತ ಗಾಳಿ. ದೇವರ ಕೋಣೆಯನ್ನು ಈಶಾನ್ಯದ ಹೊರಗೋಡೆಗೆ ಹೊಂದಿಸಿ ಮಾಡಿಸಿದ್ದರು. ಅಲ್ಲಿಯ ಸ್ವಿಚ್ಚಿನ ಪೆಟ್ಟಿಗೆಯಿಂದ ಬರುತ್ತಿದ್ದ ಗಾಳಿಗೆ ಕಡ್ಡಿಯ ಬೂದಿ ಹಾರಿತು. ನೆಲಮಾಳಿಗೆಯಲ್ಲಿ, ಕಾಂಕ್ರೀಟ್ ಗೋಡೆ ಮುಗಿದು ಮರದ ನೆಲ ಶುರುವಾಗುವ ಪಟ್ಟಿಯುದ್ದಕ್ಕೂ ಅಲ್ಲಲ್ಲಿ ತಣ್ಣನೆಯ ಎಳೆಗಳು. ಏರ್‌ಕಂಡೀಷನರಿನ ಕೊಳವೆ ಹೊರಹೋಗುವ ತೂತು, ಕೊಳವೆಗಿಂತ ಎರಡರಷ್ಟು ದೊಡ್ಡದಾಗಿತ್ತು.

ಇವೆಲ್ಲ ಚಿಲ್ಲರೆ. ದೊಡ್ಡ ಸೋರಿಕೆಗಳು ಮೂರು ಕಡೆ ಸಿಕ್ಕವು, ಮೂರೂ ಕಣ್ಣಿಗೆ ಕಾಣದ ಜಾಗದಲ್ಲಿ.

ಮೊದಲನೆಯದು ಮಹಡಿಯ ಸ್ನಾನದ ತೊಟ್ಟಿಯ ಹಿಂದೆ. ಹೊರಗೋಡೆಗೆ ತಾಗಿಸಿ ಕೂರಿಸಿದ ತೊಟ್ಟಿ ಅದು. ಅಷ್ಟು ದೊಡ್ಡ ತೊಟ್ಟಿಯನ್ನು ಕೊಳಾಯಿ ಕೆಲಸದವರು ಬೇಗ ತಂದಿಟ್ಟುಬಿಡುತ್ತಾರೆ. ಆಮೇಲೆ ಗಾಜುನಾರು ತುಂಬುವವರು ಬರುತ್ತಾರೆ, ಪಾಲಿಥೀನ್ ಹಾಳೆ ಹಚ್ಚುವವರು ಬರುತ್ತಾರೆ, ಜಿಪ್ಸಮ್ ಹಲಗೆ ಹೊಡೆಯುವವರು ಬರುತ್ತಾರೆ. ತೊಟ್ಟಿ ಅಡ್ಡವಿರುವ ಕಾರಣ ಅದರ ಹಿಂದಿನ ಗೋಡೆಗೆ ಯಾರ ಕೈಯೂ ಮುಟ್ಟುವುದಿಲ್ಲ. ಎರಡನೆಯದು ಹಾಲಿನ ಗ್ಯಾಸ್ ಅಗ್ಗಿಷ್ಟಿಕೆಯ ಹಿಂದಿನ ಮರದ ಗೂಡು. ಗೋಡೆಯಿಂದ ಹೊರಚಾಚಿದ ಆ ಗೂಡಿನ ಮೇಲ್ಭಾಗವನ್ನು ಮುಚ್ಚಿರಲೇ ಇಲ್ಲ. ಅದು ಸೀದಾ ಅಟ್ಟಕ್ಕೆ ಬಾಯಿ ತೆರೆದಿತ್ತು.

ಮೂರನೆಯದು ಎಲ್ಲಕ್ಕಿಂತ ಕಳವಳದ್ದು. ಮೊಮ್ಮಗುವಿಗೆಂದು ಇಟ್ಟುಕೊಂಡಿದ್ದ ಕೋಣೆ ಕಾರಿನ ಗ್ಯಾರೇಜಿನ ಮೇಲಿತ್ತು. ಆ ಕೋಣೆಯ ನೆಲದ ತೊಲೆಗಳ ನಡುವಿನ ಖಾನೆಗಳನ್ನು ಗ್ಯಾರೇಜಿನ ಗೋಡೆಯ ನೇರಕ್ಕೆ ಅಡ್ಡಪಟ್ಟಿ ಕೊಟ್ಟು ಮುಚ್ಚಬೇಕು. ಮುಚ್ಚಿರಲಿಲ್ಲ. ಕೋಣೆಯ ಮೂಲೆಯ ಅಂಚುಪಟ್ಟಿಯ ಕೆಳಗಿಂದ ಬಂದ ಗಾಳಿಗೆ ಪೆಟ್ರೋಲಿನ ವಾಸನೆಯಿತ್ತು. ಚಳಿ ಬಿಟ್ಟುಬಿಡಿ, ಇಂಥ ದಾರಿಯಲ್ಲಿ ಕಾರಿನ ಹೊಗೆ, ಅದರೊಳಗಿನ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ಬರಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಜ್ಜಿ ಆ ಕೋಣೆಯ ಬಾಗಿಲು ಎಳೆದುಕೊಂಡು, "ಇದು ಸರಿಯಾಗೋವರೆಗೆ ಮಗೂನ ಇಲ್ಲಿ ಮಲಗಿಸೋದು ಬೇಡ ಕಣೇ" ಎಂದರು. ಈ ಒಂದು ಸೋರಿಕೆ ಸಿಕ್ಕಿದ್ದಕ್ಕೇ ಪರೀಕ್ಷೆ ಸಾರ್ಥಕ ಎನ್ನಬೇಕು.

ಸಂಜೆ ಗುತ್ತಿಗೆದಾರ ಬಂದ. ಒಳ್ಳೆಯ ಕೆಲಸಗಾರನೇ. ಅವನ ಚೌಕಟ್ಟು ತೂಗುಗುಂಡಿಗೆ ನೇರವಿತ್ತು, ಕಿಟಕಿಗಳು ಬೆರಳಲ್ಲಿ ಜಾರುತ್ತಿದ್ದವು. ಸೋರಿಕೆಗಳ ಪಟ್ಟಿ ನೋಡಿ ಅವನು ಒಬ್ಬೊಬ್ಬ ಉಪಗುತ್ತಿಗೆದಾರನಿಗೂ ಫೋನು ಮಾಡಿದ. ಕೊಳಾಯಿಯವನು, ಹಾಳೆ ಹಚ್ಚುವುದು ತನ್ನ ಕೆಲಸವಲ್ಲ ಎಂದ. ಹಾಳೆ ಹಚ್ಚುವವನು, ತಾನು ಬಂದಾಗ ತೊಟ್ಟಿ ಆಗಲೇ ಕೂತಿತ್ತು ಎಂದ. ಅಗ್ಗಿಷ್ಟಿಕೆಯವನು, ಗೂಡು ಬಡಗಿಗಳದ್ದು ಎಂದ. ಯಾರ ಮಾತೂ ಸುಳ್ಳಲ್ಲ. ಎಂಜಿನಿಯರರು ಇದನ್ನು ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಕೇಳಿದ್ದರು. ಬಚ್ಚಲಿನ ಸ್ಲ್ಯಾಬು ಸೋರಿದಾಗ ಗಾರೆಯವನು ಕೊಳವೆಯವನನ್ನು, ಕೊಳವೆಯವನು ಗಾರೆಯವನನ್ನು ತೋರಿಸುತ್ತಿದ್ದರು. ನೀರು ಮಾತ್ರ ಯಾವಾಗಲೂ ಕೊಳವೆ ಗಾರೆಯನ್ನು ಹಾಯುವ ಆ ಸುತ್ತಿನಲ್ಲೇ ಇಳಿಯುತ್ತಿತ್ತು. ಒಬ್ಬನ ಕೆಲಸ ಮುಗಿದು ಇನ್ನೊಬ್ಬನ ಕೆಲಸ ಶುರುವಾಗುವ ಜಾಗಕ್ಕೆ ನಕ್ಷೆಯಲ್ಲಿ ಗೆರೆ ಇರುತ್ತದೆ, ಅಂದಾಜುಪಟ್ಟಿಯಲ್ಲಿ ಬಾಬತ್ತು ಇರುವುದಿಲ್ಲ. ಮನೆ ಸೋರುವುದು ಅಲ್ಲಿ. ಅಂದು ರಾತ್ರಿ ಅವರು ಅಳಿಯನಿಗೆ ಹೇಳಿದ್ದೂ ಇದನ್ನೇ: ಜಗಳಕ್ಕೆ ಹೋಗಬೇಡಿ, ಸಂದುಗಳನ್ನು ನೋಡಿಕೊಳ್ಳಲು ಒಬ್ಬನನ್ನು ಹೆಸರು ಹಿಡಿದು ನೇಮಿಸಲು ಹೇಳಿ.

ಗುತ್ತಿಗೆದಾರ ಒಪ್ಪಿದ. ಸ್ಪ್ರೇ ಫೋಮಿನವರು ಬಂದು ಗ್ಯಾರೇಜಿನ ಕಡೆಯಿಂದ ಜಿಪ್ಸಮ್ ಬಿಚ್ಚಿ, ಖಾನೆಗಳಿಗೆಲ್ಲ ಗಟ್ಟಿ ಹಲಗೆ ಕೂರಿಸಿ ಅಂಚುಗಳಿಗೆ ಫೋಮು ಹೊಡೆದರು. ಅಗ್ಗಿಷ್ಟಿಕೆಯ ಗೂಡಿನ ಮೇಲೆ ಅಟ್ಟದಿಂದ ಇಳಿದು ತಗಡಿನ ಮುಚ್ಚಳ ಹಾಕಿ, ಹೊಗೆಕೊಳವೆಯ ಸುತ್ತ ಶಾಖ ತಡೆಯುವ ಸೀಲೆಂಟ್ ಹಚ್ಚಿದರು. ಅಂಥ ಕಡೆ ಸಾಮಾನ್ಯ ಫೋಮು ಹೊಡೆಯುವಂತಿಲ್ಲ. ತೊಟ್ಟಿಯ ಹಿಂದಿನದು ಅತಿ ಕಷ್ಟದ್ದಾಯಿತು. ಪಕ್ಕದ ಬಟ್ಟೆಕೋಣೆಯ ಗೋಡೆ ಕೊಯ್ದು, ಕೈ ಹೋದಷ್ಟು ದೂರ ಹೋಗಿ ಮುಚ್ಚಿ, ಮತ್ತೆ ಗೋಡೆ ಹೊಲಿದು ಬಣ್ಣ ಬಳಿದರು. ಹಲಗೆ ಹೊಡೆಯುವ ಮೊದಲು ಆಗಿದ್ದರೆ ಅರ್ಧ ಗಂಟೆಯ ಕೆಲಸ.

ಪಟ್ಟಿಯಲ್ಲಿದ್ದ ಅಡಿಗೆಮನೆಯ ವಿಷಯ ಬೇರೆ ಬಗೆಯದು. ಮೆಣಸಿನಕಾಯಿ ಒಗ್ಗರಣೆಯ ಘಾಟು ತಡೆಯಲಾರದೆ ಮಗಳು ಒಲೆಯ ಮೇಲೆ ನಿಮಿಷಕ್ಕೆ 900 ಘನ ಅಡಿ ಎಳೆಯುವ ಹೊಗೆಗೂಡು ಹಾಕಿಸಿದ್ದಳು. ತಂತ್ರಜ್ಞೆ ಅದನ್ನು ನೋಡಿ, ಒಳಗೆ ಬರುವ ಗಾಳಿಗೆ ದಾರಿ ಎಲ್ಲಿ ಎಂದು ಕೇಳಿದಳು. ಅಮೆರಿಕದ ವಸತಿ ಕಟ್ಟಡದ ಮಾದರಿ ಸಂಹಿತೆಯಲ್ಲಿ, ಮನೆಯೊಳಗಿನ ಗಾಳಿಯಿಂದಲೇ ಉರಿಯುವ ಹಳೆಯ ಮಾದರಿಯ ಹಂಡೆಯಂಥವು ಇದ್ದರೆ, ನಿಮಿಷಕ್ಕೆ 400 ಘನ ಅಡಿ ಮೀರಿದ ಹೊಗೆಗೂಡಿಗೆ ಅದರ ಜೊತೆಯಲ್ಲೇ ತೆರೆದುಕೊಳ್ಳುವ ಬದಲಿ ಗಾಳಿಯ ಕಿಂಡಿ ಬೇಕು. ಮನೆ ಬಿಗಿಯಾದಷ್ಟೂ ಇದು ಮುಖ್ಯ. ಅಷ್ಟು ಬಲದ ಫ್ಯಾನು ಬಿಗಿಯಾದ ಮನೆಯಿಂದ ಗಾಳಿ ಎಳೆದರೆ, ಗಾಳಿ ಎಲ್ಲಿಂದಾದರೂ ಬರಲೇಬೇಕಲ್ಲ. ಹಳೆಯ ಮಾದರಿಯ ಹಂಡೆಯಿದ್ದರೆ ಅದರ ಹೊಗೆಕೊಳವೆಯಿಂದಲೇ ಉಲ್ಟಾ ಬರುತ್ತದೆ, ಹೊಗೆಯ ಸಮೇತ. ಈ ಮನೆಯ ಹಂಡೆ ತನ್ನದೇ ಕೊಳವೆಯಿಂದ ಹೊರಗಿನ ಗಾಳಿ ತೆಗೆದುಕೊಳ್ಳುವ ಬಗೆಯದು, ಹಾಗಾಗಿ ಆ ಅಪಾಯವಿರಲಿಲ್ಲ. ಆದರೂ ಕಿಂಡಿ ಹಾಕಿಸಿದರು. ನಮ್ಮ ಅಡಿಗೆ ಮಾಡುವ ಮನೆಗಳಲ್ಲಿ ದೊಡ್ಡ ಹೊಗೆಗೂಡು ಬೇಕೇ ಬೇಕು. ಅದನ್ನು ಮಾರುವವರು ಬದಲಿ ಗಾಳಿಯ ಮಾತು ಎತ್ತುವುದು ಕಡಿಮೆ.

"ಏನ್ರೀ, ಹಿಂಗೆ ಎಲ್ಲಾ ಕಡೆ ಮುಚ್ಚಿಬಿಟ್ರೆ ಉಸಿರು ಕಟ್ಟಲ್ವಾ?" ಎಂದು ಹೆಂಡತಿ ಕೇಳಿದಾಗ ಎಂಜಿನಿಯರರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರ ಮನಸ್ಸಿನಲ್ಲೂ ಇದ್ದದ್ದು ಅದೇ. ಉತ್ತರ ಇದ್ದದ್ದು ನೆಲಮಾಳಿಗೆಯಲ್ಲಿ, ತಂತ್ರಜ್ಞೆ ಟೇಪು ಅಂಟಿಸಿ ಮುಚ್ಚಿದ್ದ ಆ ವಾತಾಯನ ಯಂತ್ರದಲ್ಲಿ. ಬಚ್ಚಲು, ಅಡಿಗೆಮನೆಗಳ ಹಳಸಲು ಗಾಳಿಯನ್ನು ಅದು ಹೊರಗೆ ಕಳಿಸುತ್ತದೆ, ಹೊರಗಿನ ತಾಜಾ ಗಾಳಿಯನ್ನು ಕೋಣೆಗಳಿಗೆ ತರುತ್ತದೆ. ಎರಡೂ ಒಂದಕ್ಕೊಂದು ಬೆರೆಯದೆ ತೆಳು ಪದರಗಳ ಅಕ್ಕಪಕ್ಕ ಹಾಯುವಾಗ ಹೋಗುವ ಗಾಳಿ ತನ್ನ ಶಾಖದ ಬಹುಪಾಲನ್ನು ಬರುವ ಗಾಳಿಗೆ ಕೊಟ್ಟುಬಿಡುತ್ತದೆ. ಸಂದಿನಿಂದ ಬರುವ ಗಾಳಿ ಚಳಿ ಜೋರಾದ ದಿನ ಅಗತ್ಯಕ್ಕಿಂತ ಹೆಚ್ಚು, ಹವೆ ಹಿತವಾದ ದಿನ ತೀರ ಕಡಿಮೆ. ಗ್ಯಾರೇಜಿನಿಂದಲೋ ಅಟ್ಟದ ಧೂಳಿನಿಂದಲೋ ಹಾದು ಬರುತ್ತದೆ. ಯಂತ್ರದ ಗಾಳಿ ಸೋಸಿ, ಅಳೆದು, ಬೇಕಾದ ಕೋಣೆಗೆ ಬರುತ್ತದೆ. ಮನೆಯನ್ನು ಬಿಗಿಮಾಡಿ ಈ ಯಂತ್ರ ಹಾಕದಿದ್ದರೆ ಹೆಂಡತಿಯ ಭಯ ಪೂರ್ತಿ ನಿಜವಾಗುತ್ತಿತ್ತು. ಅವರು ಕೇಳಿದ ಪ್ರಶ್ನೆಯನ್ನು ಮನೆ ಕಟ್ಟಿಸುವ ಪ್ರತಿಯೊಬ್ಬರೂ ಕೇಳಬೇಕು.

ಮರುಪರೀಕ್ಷೆಯಲ್ಲಿ ಅದೇ ತಂತ್ರಜ್ಞೆ, ಅದೇ ಫ್ಯಾನು. ಈ ಬಾರಿ ನಿಮಿಷಕ್ಕೆ 1,350 ಘನ ಅಡಿ, ಲೆಕ್ಕ 2.7. ಗೃಹಪ್ರವೇಶ ಗೊತ್ತುಮಾಡಿದ ಮುಹೂರ್ತದಲ್ಲೇ ನಡೆಯಿತು.

2019ರ ಜನವರಿ 30ರಂದು ಮಿನಿಯಾಪೊಲಿಸ್‌ನ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಶಾಲೆಗಳು ಮುಚ್ಚಿದವು. ಅಂಚೆ ಇಲಾಖೆ ರಾಜ್ಯದಲ್ಲಿ ಅಂದಿನ ಬಟವಾಡೆಯನ್ನೇ ನಿಲ್ಲಿಸಿತು. ಗ್ಯಾಸ್ ಸಾಲದೆ ಹೋದೀತೆಂದು ಥರ್ಮೋಸ್ಟಾಟ್‌ಗಳನ್ನು 17 ಡಿಗ್ರಿಗೆ ಇಳಿಸುವಂತೆ ಜನರಲ್ಲಿ ಮನವಿ ಮಾಡಲಾಯಿತು. ಆ ಮನೆಯವರೂ ಇಳಿಸಿದರು. ಎಂಜಿನಿಯರರು ಶಾಲು ಹೊದ್ದು, ಊದುಬತ್ತಿಯೊಂದನ್ನು ಹಚ್ಚಿಕೊಂಡು, ಪಟ್ಟಿಯಲ್ಲಿದ್ದ ಪ್ರತಿ ಜಾಗಕ್ಕೂ ಹೋಗಿ ನೋಡಿದರು. ಫ್ಯಾನಿಲ್ಲದೆಯೇ ಅಂಥ ಚಳಿ ತಾನೇ ಮನೆಯನ್ನು ಪರೀಕ್ಷಿಸುತ್ತದೆ. ಒಳಗಿನ ಬಿಸಿ ಗಾಳಿ ಮೇಲಕ್ಕೆ ಒತ್ತುವ ಬಲ ಆಗ ಅಷ್ಟಿರುತ್ತದೆ. ತೊಟ್ಟಿಯ ಬದಿಯಲ್ಲಿ ಇನ್ನೂ ಸಣ್ಣಗೆ ಸೋರುತ್ತಿತ್ತು. ಮೊಮ್ಮಗುವಿನ ಕೋಣೆಯಲ್ಲಿ ಹೊಗೆ ಅಲುಗಲಿಲ್ಲ. ಮರುದಿನ ಅಟ್ಟದ ಮುಚ್ಚಳ ಸರಿಸಿ ಟಾರ್ಚು ಬಿಟ್ಟು ನೋಡಿದಾಗ ಮೊಳೆಗಳ ತುದಿಗಳು ಒಣಗಿದ್ದವು. ಫೆಬ್ರವರಿಯಲ್ಲಿ ಅವರು ಶಿವಮೊಗ್ಗಕ್ಕೆ ಮರಳಿದರು.

ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಯೂರೋಪಿನಲ್ಲೋ ಮನೆ ಕಟ್ಟಿಸುತ್ತಿರುವ ಕನ್ನಡಿಗರು ಈಗ ಬಹಳ ಮಂದಿ. ಅಡಿಗೆಮನೆಯ ಕಲ್ಲು ಯಾವುದು, ನೆಲಕ್ಕೆ ಯಾವ ಮರ ಎಂದು ಅವರು ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಲು ಅಷ್ಟು ಹೊತ್ತು ಬೇಡ. ಪರೀಕ್ಷೆ ಕಡ್ಡಾಯವಿರುವ ಕಡೆ, ಮನೆ ಪೂರ್ತಿಯಾದ ಮೇಲೆ ಅದು ಹೇಗೂ ನಡೆಯುತ್ತದೆ. ಅದಕ್ಕೂ ಮೊದಲು, ಪಾಲಿಥೀನ್ ಹಾಳೆ ಹಚ್ಚಿ ಮುಗಿದು ಜಿಪ್ಸಮ್ ಹಲಗೆ ಇನ್ನೂ ಹೊಡೆಯದಿರುವಾಗ, ಒಮ್ಮೆ ಫ್ಯಾನು ಹಾಕಿಸಿ ನೋಡಬೇಕು ಎಂದು ಬರೆಸಿ. ಆಗ ಪೂರ್ತಿ 50 ಪಾಸ್ಕಲ್ ಬೇಕಿಲ್ಲ, ಹಾಳೆ ಕಿತ್ತುಬರದಂತೆ ಕಡಿಮೆ ಒತ್ತಡ ಇಟ್ಟರೆ ಸೋರುವ ಜಾಗಗಳು ಸಿಗುತ್ತವೆ. ಸ್ನಾನದ ತೊಟ್ಟಿಯ ಹಿಂದೆ, ಅಗ್ಗಿಷ್ಟಿಕೆಯ ಗೂಡಿನ ಮೇಲೆ, ಗ್ಯಾರೇಜಿನ ಮೇಲಿನ ಕೋಣೆಯ ತೊಲೆಗಳ ನಡುವೆ ನೀವೇ ಕೈಯಿಟ್ಟು ನೋಡಿ. ಅಂದು ಕೆಲಸದವರು ಅಲ್ಲೇ ಇರುತ್ತಾರೆ, ಗೋಡೆಯೂ ತೆರೆದಿರುತ್ತದೆ.